ಮಾಸ್ತಿಯವರ ವಾನಪ್ರಸ್ಥ

ಗೃಹಸ್ಥನಾದವನು ತನ್ನ ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ಮಗನ ತೊಡೆಯ ಮೇಲೆ ಮೊಮ್ಮಗನನ್ನೂ ಕಂಡಾಗ ಅರಣ್ಯಕ್ಕೆ ತೆರಳತಕ್ಕದ್ದೆಂದು ಮನುಸ್ಮೃತಿ ವಿಧಿಸುತ್ತದೆ. ಇಷ್ಟನೆಯ ವರ್ಷವೆಂದು ಅಲ್ಲಿ ಅಂಕೆ ಹಾಕಿಲ್ಲ. ನಮ್ಮ ಕಾಲದಲ್ಲಿ ಆ ಅಂಕೆಯನ್ನು ಸರಕಾರವೇ ಹಾಕಿಬಿಟ್ಟಿದೆ. ಕೇಂದ್ರ ಸರಕಾರದ ನೌಕರರಿಗೆ ಮೊದಲು 55, ಆಮೇಲೆ 58, 1998ರಿಂದ 60. ಅರಣ್ಯಕ್ಕೆ ಹೋಗುವವರಂತೂ ಯಾರೂ ಇಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಾವು ಬಹುಮಂದಿ ನೌಕರಿಯ ಬೆನ್ನು ಹತ್ತಿಯೇ ಇಲ್ಲಿಗೆ ಬಂದವರು. ರೈಲ್ವೆ, ಅಂಚೆ ತಂತಿ, ಬ್ಯಾಂಕು, ಗಿರಣಿ, ಕಾರಖಾನೆ ಹೀಗೆ ಒಂದಲ್ಲ ಒಂದು ಹಾಜರಿ ಪುಸ್ತಕದಲ್ಲಿ ಮೂವತ್ತು ಮೂವತ್ತೈದು ವರ್ಷ ಸಹಿ ಹಾಕಿದವರು. 2000-01ರಲ್ಲಿ ರಾಷ್ಟ್ರೀಕೃತ ಬ್ಯಾಂಕುಗಳು ಸ್ವಯಂನಿವೃತ್ತಿ ಯೋಜನೆಯನ್ನು ತಂದಾಗ ನಮ್ಮ ಓರಿಗೆಯ ಅನೇಕರು ಕಾಗದ ಪೆನ್ನು ಹಿಡಿದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದುಂಟು. ಸಂಗೀತ ಕಲಿಯಬೇಕು, ಶಾಸ್ತ್ರ ಓದಬೇಕು, ಬರೆಯಬೇಕು ಎಂಬ ಆಸೆ ಒಂದು ಕಡೆ. ಮನೆಯ ಸಾಲದ ಕಂತು, ಮಗಳ ಮದುವೆ ಇನ್ನೊಂದು ಕಡೆ. ಹೆಚ್ಚಿನವರ ತಕ್ಕಡಿ ಯಾವ ಕಡೆಗೆ ವಾಲಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂತಹ ತಕ್ಕಡಿಯನ್ನು ಹಿಡಿದು ನಿಂತು, ಇನ್ನೊಂದು ಕಡೆಗೆ ವಾಲಿಸಿದ ಒಬ್ಬ ದೊಡ್ಡವರ ಜೀವನವನ್ನು ಇಲ್ಲಿ ಸ್ಮರಿಸಬೇಕೆಂದಿದ್ದೇನೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಕನ್ನಡದ ಆಸ್ತಿ ಎಂಬ ಮಾತು ಅವರ ಹೆಸರಿನೊಡನೆ ಪ್ರಾಸದಂತೆ ಕೂಡಿಕೊಂಡುಬಿಟ್ಟಿದೆ. ಆದರೆ ಅವರು 52ನೆಯ ವಯಸ್ಸಿನವರೆಗೆ ಮೈಸೂರು ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದರು, ಅನಂತರ ಆ ಪದವಿಯನ್ನು ತಾವಾಗಿ ಬಿಟ್ಟು ಹೊರಬಂದರು, ಮುಂದೆ 43 ವರ್ಷಗಳ ಕಾಲ ಸಾಹಿತ್ಯವೊಂದನ್ನೇ ನೆಚ್ಚಿ ಬಾಳಿದರು ಎಂಬ ಸಂಗತಿಯನ್ನು ಇಂದಿನ ತರುಣ ವಾಚಕರು ಅಷ್ಟಾಗಿ ಗಮನಿಸಿರಲಾರರು. ಸೇವೆ ಮಾಡಿದ್ದು 29 ವರ್ಷ, ಸೇವೆಯನ್ನು ಬಿಟ್ಟು ಬಾಳಿದ್ದು 43 ವರ್ಷ. ನಮ್ಮಂಥ ನಿವೃತ್ತರಿಗೆ ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದೇ ಒಂದು ಸಂತೋಷ.

ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಮಾಸ್ತಿ ಎಂಬುದು ಆ ಸೀಮೆಯ ಊರು. ಅದು ಹೆಸರಿಗೆ ಅಂಟಿ ಮನೆತನವನ್ನೇ ಸೂಚಿಸುವಂತಾಯಿತು. ತಂದೆ ರಾಮಸ್ವಾಮಿ ಅಯ್ಯಂಗಾರರು, ತಾಯಿ ತಿರುಮಲಮ್ಮನವರು. ಮನೆತನ ಶ್ರೀವೈಷ್ಣವರದು, ಮನೆಮಾತು ತಮಿಳು. ಆ ಮನೆಯಿಂದ ಬಂದ ಹುಡುಗ ಮುಂದೆ ಕನ್ನಡದ ಸಣ್ಣಕತೆಗೆ ಜನಕಪ್ರಾಯನಾದದ್ದು ಕನ್ನಡದ ಭಾಗ್ಯ. ಬಾಲ್ಯದಲ್ಲಿ ಬಡತನ ಅವರ ಬೆನ್ನು ಬಿಡಲಿಲ್ಲ. ಬಂಧುಗಳ ಆಶ್ರಯದಲ್ಲಿ ಊರಿಂದೂರಿಗೆ ಹೋಗಿ, ವಿದ್ಯಾರ್ಥಿವೇತನಗಳನ್ನು ನೆಚ್ಚಿ ಓದಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, 1914ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಅದೇ ವರ್ಷ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಅಸಿಸ್ಟೆಂಟ್ ಕಮಿಷನರರಾಗಿ ಸೇವೆಗೆ ಸೇರಿದರು.

ಆ ಕಾಲದಲ್ಲಿ ಮೈಸೂರು ಸಿವಿಲ್ ಸರ್ವಿಸ್ ಎಂದರೆ ಏನೆಂಬುದನ್ನು ಹಳೆಯ ಮೈಸೂರಿನ ಹಿರಿಯರಿಂದ ಕೇಳಿ ತಿಳಿಯಬೇಕು. ಬಡ ಹುಡುಗನೊಬ್ಬ ಅದರೊಳಗೆ ಸೇರಿದನೆಂದರೆ ಆತನ ಕುಲವೇ ದಡ ಸೇರಿತೆಂದು ಜನ ಭಾವಿಸುತ್ತಿದ್ದರು. ಕುದುರೆ, ಡೇರೆ, ಸರ್ಕೀಟು, ಜಮಾಬಂದಿ, ದರಖಾಸ್ತು, ಅಹವಾಲು ಇವೇ ಅಧಿಕಾರಿಯ ದಿನಚರಿ. ಹಳ್ಳಿಯ ಶಾನುಭೋಗನಿಂದ ಹಿಡಿದು ಹುಜೂರಿನ ಕಾರ್ಯದರ್ಶಿಯವರೆಗೆ ಎಲ್ಲ ಬಗೆಯ ಮನುಷ್ಯರನ್ನೂ ಹತ್ತಿರದಿಂದ ನೋಡುವ ಅವಕಾಶ. ಮಾಸ್ತಿಯವರು ಸಂಸ್ಥಾನದ ನಾನಾ ಜಿಲ್ಲೆಗಳಲ್ಲಿ ಅಧಿಕಾರ ನಡೆಸಿ, ಕ್ರಮಕ್ರಮವಾಗಿ ಮೇಲೇರಿ, ಕೊನೆಗೆ ಅಬಕಾರಿ ಕಮಿಷನರರಾದರು. ಮದ್ಯದ ತೆರಿಗೆಯ ಖಾತೆ ಒಬ್ಬ ಆಚಾರಶೀಲ ಶ್ರೀವೈಷ್ಣವರ ಕೈಗೆ ಬಂದದ್ದು ಸರಕಾರದ ವಿನೋದವೆಂದೇ ಹೇಳಬೇಕು! ಆದರೆ ಅದು ಬಹಳ ಜವಾಬ್ದಾರಿಯ ಖಾತೆ. ಹಣದ ಹೊಳೆ ಹರಿಯುವ ಸ್ಥಳದಲ್ಲಿ ಕೈ ತೇವವಾಗದಂತೆ ಇರಬಲ್ಲವರಿಗೇ ಅದನ್ನು ಒಪ್ಪಿಸಬೇಕು.

ಈ ಎಲ್ಲದರ ನಡುವೆ ಬರವಣಿಗೆ ನಿಂತಿರಲಿಲ್ಲ. ವಿದ್ಯಾರ್ಥಿದೆಸೆಯಲ್ಲಿಯೇ ಕತೆ ಬರೆಯಲು ತೊಡಗಿದ ಅವರು 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಎಂಬ ಸಂಗ್ರಹವನ್ನು ಹೊರತಂದರು. ಶ್ರೀನಿವಾಸ ಎಂಬುದು ಅವರ ಕಾವ್ಯನಾಮ. ಹಗಲು ಕಡತ, ರಾತ್ರಿ ಕತೆ. 1929ರಲ್ಲಿ ಬೆಳಗಾವಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ವಯಸ್ಸು ಇನ್ನೂ 38. ಬೆಳಗಾವಿ ಆಗ ಮುಂಬಯಿ ಆಧಿಪತ್ಯದಲ್ಲಿತ್ತು. ಮೈಸೂರು ಸಂಸ್ಥಾನದ ಒಬ್ಬ ಅಧಿಕಾರಿ ಬ್ರಿಟಿಷರ ಆಳ್ವಿಕೆಯ ಕನ್ನಡ ಜಿಲ್ಲೆಗೆ ಬಂದು ಸಮ್ಮೇಳನದ ಪೀಠದಲ್ಲಿ ಕುಳಿತದ್ದು, ಕನ್ನಡ ನಾಡು ಹರಿದು ಹಂಚಿಹೋಗಿದ್ದ ಆ ದಿನಗಳಲ್ಲಿ ಸಣ್ಣ ವಿಷಯವಲ್ಲ.

ಸೇವೆಯಲ್ಲಿದ್ದಾಗ ಬಂದ ಅವರ ಕೃತಿಗಳ ಪೈಕಿ ಎರಡನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಮೊದಲನೆಯದು ‘ಆದಿಕವಿ ವಾಲ್ಮೀಕಿ’. ರಾಮಾಯಣವನ್ನು ಕಾವ್ಯವಾಗಿ, ವಾಲ್ಮೀಕಿಯನ್ನು ಕವಿಯಾಗಿ ಕಂಡು ಬರೆದ ವಿಮರ್ಶೆ ಅದು. ಸಂಪ್ರದಾಯದಲ್ಲಿ ಬೆಳೆದ ನಮಗೆ ಅದರ ಎಲ್ಲ ನಿರ್ಣಯಗಳೂ ಒಪ್ಪಿಗೆಯಾಗಬೇಕೆಂದಿಲ್ಲ, ನನಗೂ ಆಗಿಲ್ಲ. ಆದರೆ ಮೂಲ ಶ್ಲೋಕಗಳನ್ನು ಅಷ್ಟು ಪ್ರೀತಿಯಿಂದ, ಅಷ್ಟು ಸಾವಧಾನವಾಗಿ ಓದಿದ ಆಧುನಿಕರು ವಿರಳ. ವ್ಯಾಕರಣ, ಅಲಂಕಾರಗಳ ಗದ್ದಲವಿಲ್ಲದೆ ಕವಿಯ ಹೃದಯಕ್ಕೆ ನೇರವಾಗಿ ಹೋಗುವ ದಾರಿಯನ್ನು ಅದು ತೋರಿಸುತ್ತದೆ. ಸಂಸ್ಕೃತ ಕಲಿಯುವ ನಮ್ಮ ಮಕ್ಕಳ ಕೈಗೆ ಕೊಡಬೇಕಾದ ಪುಸ್ತಕ.

ಎರಡನೆಯದು 1928ರ ‘ಸುಬ್ಬಣ್ಣ’. ಮೈಸೂರಿನ ಅರಮನೆಯಲ್ಲಿ ಪುರಾಣ ಹೇಳುವ ಶಾಸ್ತ್ರಿಗಳ ಮಗ ಸುಬ್ಬಣ್ಣನಿಗೆ ಸಂಗೀತದ ಹುಚ್ಚು. ತಂದೆಯ ವಿದ್ಯೆಯನ್ನು ಮುಂದುವರಿಸಿದ್ದರೆ ಅರಮನೆಯ ಆಶ್ರಯ ತಪ್ಪುತ್ತಿರಲಿಲ್ಲ. ಆತ ಅದನ್ನು ಬಿಟ್ಟು, ಮನೆಯನ್ನೂ ಬಿಟ್ಟು, ಹೆಂಡತಿಯೊಡನೆ ದೂರದ ಕಲ್ಕತ್ತೆಗೆ ಹೋಗಿಬಿಡುತ್ತಾನೆ. ಸಂಗೀತ ಅವನಿಗೆ ದಕ್ಕುತ್ತದೆ. ಆದರೆ ಬಾಳು ಅವನಿಂದ ಒಂದೊಂದಾಗಿ ಎಲ್ಲವನ್ನೂ ಕಸಿದುಕೊಳ್ಳುತ್ತದೆ. ಕೊನೆಗೆ ಉಳಿಯುವುದು ಒಂದು ಬಗೆಯ ಶಾಂತಿ. ಹೆಚ್ಚು ಪುಟಗಳಿಲ್ಲದ ಈ ನೀಳ್ಗತೆಯನ್ನು ಓದುವಾಗ, ಇದನ್ನು ಬರೆದವರು ಒಬ್ಬ ಸರಕಾರಿ ಅಧಿಕಾರಿ, ಸ್ಥಿರವಾದ ಸಂಬಳದ ಗೃಹಸ್ಥ, ಎಂಬುದನ್ನು ನೆನೆಯಬೇಕು. ವೃತ್ತಿಯನ್ನು ಬಿಟ್ಟು ಕಲೆಯ ಹಿಂದೆ ಹೋಗುವುದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ತಾವು ವೃತ್ತಿ ಬಿಡುವುದಕ್ಕೆ 15 ವರ್ಷ ಮೊದಲೇ ಅವರು ಲೆಕ್ಕ ಹಾಕಿ ನೋಡಿದ್ದರು. ಬೆಲೆಯನ್ನು ಕಡಿಮೆ ಮಾಡಿ ಹೇಳಲಿಲ್ಲ. ಹೊರಟವನನ್ನು ಹಳಿಯಲೂ ಇಲ್ಲ.

1942ರಲ್ಲಿ ಮೈಸೂರು ಮಹಾರಾಜರು ಅವರಿಗೆ ‘ರಾಜಸೇವಾಪ್ರಸಕ್ತ’ ಎಂಬ ಬಿರುದನ್ನಿತ್ತರು. ಮರುವರ್ಷವೇ ಅವರು ರಾಜಸೇವೆಯಿಂದ ಹೊರಬಂದರು. ನಡೆದದ್ದು ಇಷ್ಟು. ಮಂತ್ರಿಪದವಿಗೆ ಸಮಾನವಾದ ಸ್ಥಾನವೊಂದು ಜ್ಯೇಷ್ಠತೆಯಿಂದ ತಮಗೆ ಬರಬೇಕಾದದ್ದೆಂದು ಅವರು ತಿಳಿದಿದ್ದರು. ಅದು ಅವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಮಾಸ್ತಿಯವರು ಪ್ರತಿಭಟನೆಯಾಗಿ ರಾಜೀನಾಮೆ ಕೊಟ್ಟರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಕಲೆಯ ಕರೆಗೆ ಓಗೊಟ್ಟು ಅಧಿಕಾರವನ್ನು ತೃಣದಂತೆ ತ್ಯಜಿಸಿದರೆಂದು ಬರೆದುಬಿಟ್ಟರೆ ಕೇಳಲು ಚೆನ್ನಾಗಿರುತ್ತದೆ. ಅಭಿನಂದನ ಗ್ರಂಥಗಳ ಶೈಲಿಗೆ ಅದು ಒಪ್ಪುತ್ತದೆ. ಆದರೆ ಅದು ನಡೆದ ಸಂಗತಿಯಲ್ಲ. ಮೇಲಿನ ಪದವಿ ನ್ಯಾಯವಾಗಿ ಬಂದಿದ್ದರೆ ಅವರು ಅದನ್ನು ಸ್ವೀಕರಿಸಿ ಇನ್ನೂ ಕೆಲವು ವರ್ಷ ದುಡಿಯುತ್ತಿದ್ದರೆಂದೇ ತೋರುತ್ತದೆ. ಅವರನ್ನು ಹೊರಕ್ಕೆ ಕರೆದದ್ದು ಸರಸ್ವತಿ. ಬಾಗಿಲನ್ನು ತೆರೆದದ್ದು ಮಾತ್ರ ಅಭಿಮಾನಭಂಗ. ಸರಕಾರಿ ಸೇವೆಯಲ್ಲಿ ಜ್ಯೇಷ್ಠತಾಪಟ್ಟಿ ಎಂಬುದು ಎಂತಹ ವಸ್ತುವೆಂದು ಸೇವೆ ಮಾಡಿದವರಿಗೇ ಗೊತ್ತು. ಒಂದು ಹೆಸರು ಮೇಲಕ್ಕೋ ಕೆಳಕ್ಕೋ ಸರಿದದ್ದಕ್ಕಾಗಿ ವರ್ಷಗಟ್ಟಲೆ ನಿದ್ರೆಗೆಟ್ಟವರನ್ನು ನಾನು ನನ್ನ ವೃತ್ತಿಜೀವನದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಕೆಲವರು ಅರ್ಜಿಯ ಮೇಲೆ ಅರ್ಜಿ ಬರೆದರು, ಕೆಲವರು ನ್ಯಾಯಾಲಯಕ್ಕೆ ಹೋದರು. ಹೆಚ್ಚಿನವರು ಆ ಕಹಿಯನ್ನು ನುಂಗಿಕೊಂಡು, ನಿವೃತ್ತಿಯ ಅನಂತರವೂ ಅದನ್ನೇ ಮೆಲುಕು ಹಾಕುತ್ತ ಕಾಲ ಕಳೆದರು. ಮಾಸ್ತಿಯವರೂ ಮನುಷ್ಯರೇ, ನೋವಾಗದೆ ಇರಲಿಲ್ಲ. ಅವರು ಆ ನೋವಿನೊಂದಿಗೆ ಮುಂದೇನು ಮಾಡಿದರೆಂಬುದೇ ಮುಖ್ಯ.

ಹೊರಬರುವಾಗ ಅವರ ಸ್ಥಿತಿಯನ್ನೂ ನೆನೆಯಬೇಕು. ವಯಸ್ಸು 52. ಆರು ಮಂದಿ ಹೆಣ್ಣುಮಕ್ಕಳ ತಂದೆ. ಎರಡನೆಯ ಮಹಾಯುದ್ಧದ ನಡುಗಾಲ. ಅಕ್ಕಿಬೇಳೆಗಳ ಬೆಲೆ ಏರುತ್ತಿತ್ತು, ಮುದ್ರಣದ ಕಾಗದ ಸಿಗುವುದೇ ದುರ್ಲಭವಾಗಿತ್ತು. ಕನ್ನಡ ಪುಸ್ತಕಗಳಿಂದ ಹೊಟ್ಟೆ ಹೊರೆಯಬಹುದೆಂದು ಹುಚ್ಚರೂ ನಂಬದ ಕಾಲ. ಅಂತಹ ವೇಳೆಯಲ್ಲಿ ಅವರು ಕೈಗೆತ್ತಿಕೊಂಡದ್ದು ಒಂದು ಮಾಸಪತ್ರಿಕೆಯನ್ನು! ‘ಜೀವನ’ ಎಂಬ ಆ ಪತ್ರಿಕೆಗೆ 1940ರ ದಶಕದ ಮೊದಲ ವರ್ಷಗಳಲ್ಲಿ ಧಾರವಾಡದ ದ. ರಾ. ಬೇಂದ್ರೆಯವರು ಗೌರವ ಸಂಪಾದಕರಾಗಿದ್ದರು. ಬೇಂದ್ರೆಯವರದು ಬೇರೆಯೇ ಕಷ್ಟ. ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರಕಾರದ ಸೆರೆವಾಸ ಅನುಭವಿಸಿ, ಮುಗದದಲ್ಲಿ ಸ್ಥಾನಬದ್ಧರಾಗಿದ್ದು, ಬಹುಕಾಲ ಖಾಯಂ ನೌಕರಿಯಿಲ್ಲದೆ ತೊಳಲಿದವರು ಅವರು. ಆ ದಿನಗಳಲ್ಲಿ ಮಾಸ್ತಿಯವರ ಬೆಂಬಲ ಅವರಿಗಿತ್ತು. 1944ರಲ್ಲಿ ಬೇಂದ್ರೆಯವರಿಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅಧ್ಯಾಪಕರ ಕೆಲಸ ದೊರೆಯಿತು. ಅದೇ ವರ್ಷ ‘ಜೀವನ’ದ ಭಾರ ಮಾಸ್ತಿಯವರ ಹೆಗಲಿಗೆ ಬಂದಿತು. ವಿಧಿಯ ಈ ಅದಲು ಬದಲು ನೋಡಿ. ಕವಿಯೊಬ್ಬರು ಕೊನೆಗೂ ಸ್ಥಿರವಾದ ಸಂಬಳವನ್ನು ಕಂಡರು, ಅಧಿಕಾರಿಯೊಬ್ಬರು ಸಂಬಳವನ್ನು ಬಿಟ್ಟು ಕವಿಯ ಪತ್ರಿಕೆಯನ್ನು ಹೊತ್ತರು. ಕಲ್ಯಾಣದಿಂದ ಪುಣೆಯ ಮೇಲೆ ವಾಡಿಯ ಕಡೆಗೆ ಹೋಗುವ ಗಾಡಿಯಲ್ಲಿ ಸೊಲ್ಲಾಪುರವನ್ನು ದಾಟುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

1944ರಿಂದ 1965ರವರೆಗೆ, 21 ವರ್ಷ, ಮಾಸ್ತಿಯವರು ‘ಜೀವನ’ವನ್ನು ನಡೆಸಿದರು. ತಿಂಗಳ ಪತ್ರಿಕೆಯೊಂದನ್ನು ಕಾಲಕ್ಕೆ ಸರಿಯಾಗಿ ಹೊರತರುವುದರ ಶ್ರಮವನ್ನು ಬಲ್ಲವರೇ ಬಲ್ಲರು. ಲೇಖನಗಳಿಗಾಗಿ ಪತ್ರ ಬರೆಯಬೇಕು, ಕರಡು ತಿದ್ದಬೇಕು, ಚಂದಾದಾರರಿಗೆ ನೆನಪು ಮಾಡಿಕೊಡಬೇಕು, ಮುದ್ರಣಾಲಯದವರ ಬಾಕಿ ತೀರಿಸಬೇಕು. ನಿನ್ನೆಯವರೆಗೆ ಹತ್ತಾರು ಗುಮಾಸ್ತರಿಗೆ ಆಜ್ಞೆ ಮಾಡುತ್ತಿದ್ದ ಕಮಿಷನರರು ಇಂದು ಈ ಕೆಲಸಗಳ ಹೊರೆಯನ್ನು ತಾವೇ ಹೊರಬೇಕಾಯಿತು. ಅಧಿಕಾರ ಹೋದ ಮೇಲೂ ಅಧಿಕಾರಿಯ ಶಿಸ್ತು ಹೋಗಲಿಲ್ಲ ಎಂಬುದಕ್ಕೆ 21 ವರ್ಷಗಳ ಸಂಚಿಕೆಗಳೇ ಸಾಕ್ಷಿ. ಎಳೆಯ ಲೇಖಕರ ಬರಹಗಳಿಗೆ ಅಲ್ಲಿ ಸ್ಥಳವಿತ್ತು. ನಾಡಿನ ಪ್ರತಿಯೊಂದು ಪ್ರಶ್ನೆಯನ್ನು ಕುರಿತು ಸಂಪಾದಕರ ಸಮಚಿತ್ತದ ಅಭಿಪ್ರಾಯವಿತ್ತು. ತಮ್ಮ ಪುಸ್ತಕಗಳನ್ನೂ ಅವರು ಜೀವನ ಕಾರ್ಯಾಲಯದಿಂದಲೇ ಪ್ರಕಟಿಸಿದರು.

ಹೊರಬಂದದ್ದರಿಂದ ಕನ್ನಡಕ್ಕೆ ಆದ ಲಾಭವೇನೆಂದು ಕೇಳಿದರೆ, ನನ್ನ ಉತ್ತರ ಅವರ ಎರಡು ದೊಡ್ಡ ಕಾದಂಬರಿಗಳು. ಸಣ್ಣಕತೆಯನ್ನು ಒಂದು ರಾತ್ರಿಯ ಬಿಡುವಿನಲ್ಲಿ ಬರೆಯಬಹುದು. ದೊಡ್ಡ ಐತಿಹಾಸಿಕ ಕಾದಂಬರಿಗೆ ವರ್ಷಗಳ ವ್ಯವಧಾನ ಬೇಕು. ಅದು ಅವರಿಗೆ ದೊರೆತದ್ದು ನಿವೃತ್ತಿಯ ಮೇಲೆ. ‘ಚೆನ್ನಬಸವನಾಯಕ’ ಬಿದನೂರು ಸಂಸ್ಥಾನದ ಕೊನೆಯ ದಿನಗಳ ಕಥೆ. 1763ರಲ್ಲಿ ಹೈದರಾಲಿಯ ಕೈಗೆ ಆ ರಾಜ್ಯ ಹೋಯಿತು. ಇನ್ನೊಂದು, 1956ರ ‘ಚಿಕವೀರ ರಾಜೇಂದ್ರ’, ಕೊಡಗಿನ ಕೊನೆಯ ಅರಸನ ಕಥೆ. 1834ರ ಏಪ್ರಿಲ್ ತಿಂಗಳಲ್ಲಿ ಇಂಗ್ಲಿಷರು ಈತನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. 1852ರಲ್ಲಿ ಆತ ಮಗಳೊಡನೆ ಇಂಗ್ಲೆಂಡಿಗೆ ಹೋದ. ಮಗಳು ಗೌರಮ್ಮ ಅಲ್ಲಿ ಕ್ರೈಸ್ತಮತಕ್ಕೆ ಸೇರಿ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾದಳು. ತಂದೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ.

ಎರಡರಲ್ಲಿಯೂ ವಸ್ತು ಒಂದೇ: ಒಂದು ರಾಜ್ಯ ಒಳಗಿನಿಂದ ಹೇಗೆ ಕೊಳೆಯುತ್ತದೆ. ಗ್ರಂಥಾಲಯದಲ್ಲಿ ಕುಳಿತು ಚರಿತ್ರೆ ಓದಿದವರಿಗೆ ಇದು ಅಷ್ಟು ಸುಲಭವಾಗಿ ತಿಳಿಯುವುದಲ್ಲ. ಒಂದು ಆಜ್ಞೆ ಅರಮನೆಯಿಂದ ಹೊರಟು ಹಳ್ಳಿಯನ್ನು ಮುಟ್ಟುವ ಹೊತ್ತಿಗೆ ಏನಾಗಿರುತ್ತದೆ, ಹತ್ತಿರದಲ್ಲಿರುವ ಒಬ್ಬ ಕೆಟ್ಟ ಪರಿವಾರದವನಿಂದ ಹತ್ತು ಮಂದಿ ಯೋಗ್ಯರ ಕೆಲಸ ಹೇಗೆ ಹಾಳಾಗುತ್ತದೆ, ಮೇಲಿನವರ ಅನ್ಯಾಯವನ್ನು ಕಂಡ ಅಧಿಕಾರಿ ಎಷ್ಟರವರೆಗೆ ಸುಮ್ಮನಿರಬಹುದು, ಇವನ್ನೆಲ್ಲ ಕಛೇರಿಯಲ್ಲಿ ಕುಳಿತು ಕಂಡವರೇ ಬರೆಯಬೇಕು. ‘ಚಿಕವೀರ ರಾಜೇಂದ್ರ’ದಲ್ಲಿ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಎಂಬ ಇಬ್ಬರು ಮಂತ್ರಿಗಳಿದ್ದಾರೆ. ಒಡೆಯನು ದುಷ್ಟನಾದಾಗ ಸೇವಕನ ಧರ್ಮವೇನೆಂಬ ಪ್ರಶ್ನೆ ಇಬ್ಬರನ್ನೂ ಸುಡುತ್ತದೆ. ಉಪ್ಪುಂಡ ಮನೆಯನ್ನು ಬಿಡುವುದು ಯಾವಾಗ? ಬಿಟ್ಟರೆ ಅದು ದ್ರೋಹವೋ, ಬಿಡದಿದ್ದರೆ ಪ್ರಜೆಗಳಿಗೆ ದ್ರೋಹವೋ? ಭೀಷ್ಮದ್ರೋಣರನ್ನು ಬಲ್ಲ ನಮಗೆ ಇದು ಹೊಸ ಪ್ರಶ್ನೆಯಲ್ಲ. ಬೋಪಣ್ಣ ಕೊನೆಗೆ ಇಂಗ್ಲಿಷರ ಕಡೆಗೆ ಹೋಗುತ್ತಾನೆ. ಮಾಸ್ತಿಯವರು ಅವನನ್ನು ಹೊಗಳುವುದಿಲ್ಲ, ತೆಗಳುವುದೂ ಇಲ್ಲ. ಅವನ ನೋವನ್ನು ಮಾತ್ರ ನಮ್ಮೆದುರು ಇಡುತ್ತಾರೆ. ಸೇವೆಯನ್ನು ತಾವೇ ಬಿಟ್ಟುಬಂದ 13 ವರ್ಷಗಳ ಮೇಲೆ ಅವರು ಈ ಪಾತ್ರವನ್ನು ಬರೆದರು. ಮೈಸೂರಿನ ಅರಸರು ಕೊಡಗಿನ ಅರಸನಂತಿರಲಿಲ್ಲ. ಎರಡಕ್ಕೂ ಹೋಲಿಕೆಯನ್ನು ನಾನು ಹೇಳುತ್ತಿಲ್ಲ. ಆದರೆ ಮಂತ್ರಿಯೊಬ್ಬ ಎದ್ದು ಹೊರಡುವ ಗಳಿಗೆಯ ತಳಮಳವನ್ನು ಅಷ್ಟು ಮಿತವಾದ ಮಾತುಗಳಲ್ಲಿ ಬರೆಯಲು, ಒಮ್ಮೆಯಾದರೂ ಎದ್ದು ಹೊರಟವರಿಗೇ ಸಾಧ್ಯವೆಂದು ನನಗೆ ತೋರುತ್ತದೆ. 29 ವರ್ಷಗಳ ಸೇವೆ ಅವರ ಪಾಲಿಗೆ ಕಳೆದುಹೋದ ಕಾಲವಾಗಿರಲಿಲ್ಲ, ಕೂಡಿಟ್ಟ ಬಂಡವಾಳವಾಗಿತ್ತು.

ಮಹಾರಾಷ್ಟ್ರದ ಅನ್ನವನ್ನು ಉಣ್ಣುತ್ತಿರುವ ನಮಗೆ ಅವರ ‘ಶಿವಛತ್ರಪತಿ’ ನಾಟಕವೂ, ಹರಿದಾಸರ ಪದಗಳನ್ನು ದಿನವೂ ಹಾಡುವ ನಮಗೆ ಅವರ ‘ಪುರಂದರದಾಸ’ ನಾಟಕವೂ ವಿಶೇಷವಾಗಿ ಪ್ರಿಯವಾಗಬೇಕು. ಮೊದಲನೆಯದು ಸೇವೆಯಲ್ಲಿದ್ದಾಗ ಬರೆದದ್ದು. ಎರಡನೆಯದನ್ನು ಬರೆದಾಗ ಅವರಿಗೆ ಎಪ್ಪತ್ತು ದಾಟಿತ್ತು. ವ್ಯಾಪಾರದ ಸಿರಿಯನ್ನು ನಡುವಯಸ್ಸಿನಲ್ಲಿ ಬಿಟ್ಟು ತಂಬೂರಿ ಹಿಡಿದ ಶ್ರೀನಿವಾಸನಾಯಕರ ಕಥೆಯನ್ನು, ಪದವಿಯನ್ನು ನಡುವಯಸ್ಸಿನಲ್ಲಿ ಬಿಟ್ಟ ಶ್ರೀನಿವಾಸರೆಂಬ ಕಾವ್ಯನಾಮದವರು ಬರೆದರು. ದಾಸಶ್ರೇಷ್ಠರ ವೈರಾಗ್ಯದ ಎತ್ತರವೇ ಬೇರೆ, ಅದಕ್ಕೆ ಇದನ್ನು ಸರಿಗಟ್ಟಲಾಗದು. ಆದರೂ ಮಾಸ್ತಿಯವರು ಆ ವಸ್ತುವನ್ನು ಆರಿಸಿದ್ದು ಕೇವಲ ಯದೃಚ್ಛೆಯಿಂದಲ್ಲವೆಂದು ಭಾವಿಸಲು ಅಡ್ಡಿಯಿಲ್ಲ.

ಬೆಂಗಳೂರಿನ ಗವಿಪುರದಲ್ಲಿ ಅವರ ಮನೆ. ಸಾಯಂಕಾಲವಾದರೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಗೆಳೆಯರೊಡನೆ ಇಸ್ಪೀಟು ಆಡುವುದು ಅವರಿಗೆ ಪ್ರಿಯವಾದ ವಿನೋದವಾಗಿತ್ತು. ಇದನ್ನು ಕೇಳಿ ಮೂಗು ಮುರಿಯುವವರೂ ಇದ್ದಾರೆ, ಇರಲಿ. ಸಾಹಿತ್ಯಸೇವೆಯನ್ನು ಹೊತ್ತವರು ಸದಾ ಹುಬ್ಬು ಗಂಟಿಕ್ಕಿಕೊಂಡಿರಬೇಕೆಂಬ ನಿಯಮವೇನೂ ಇಲ್ಲ. 1953-54ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದರು. 1968ರಲ್ಲಿ ಅವರ ಸಣ್ಣಕತೆಗಳ ಸಂಪುಟಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಮ್ಮ ಆತ್ಮಕಥೆಯನ್ನು ‘ಭಾವ’ ಎಂಬ ಹೆಸರಿನಲ್ಲಿ ಮೂರು ಸಂಪುಟಗಳಾಗಿ ಬರೆದರು. 1972ರಲ್ಲಿ, ಎಂಬತ್ತನ್ನು ದಾಟಿದ ಮೇಲೆ, ‘ಶ್ರೀರಾಮ ಪಟ್ಟಾಭಿಷೇಕ’ವೆಂಬ ದೀರ್ಘಕಾವ್ಯ ಪ್ರಕಟವಾಯಿತು. ಆದಿಕವಿಯನ್ನು ವಿಮರ್ಶಿಸಿದ ಲೇಖನಿ ಕೊನೆಗೆ ತಾನೇ ರಾಮಕಥೆಯನ್ನು ಹಾಡಿತು. ವಿಮರ್ಶೆಯನ್ನು ಒಪ್ಪದವರೂ ಈ ಕಾವ್ಯದ ಭಕ್ತಿಗೆ ತಲೆಬಾಗಬೇಕು.

1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಾಗ ವಯಸ್ಸು ತೊಂಬತ್ತನ್ನು ಮೀರಿತ್ತು. ಕುವೆಂಪು, ಬೇಂದ್ರೆ, ಶಿವರಾಮ ಕಾರಂತರ ಅನಂತರ ಕನ್ನಡಕ್ಕೆ ಅದು ನಾಲ್ಕನೆಯದು. ‘ಚಿಕವೀರ ರಾಜೇಂದ್ರ’ವನ್ನು ಮುಂದಿಟ್ಟು ಆ ಗೌರವವನ್ನು ಕೊಟ್ಟರು. ಅವರನ್ನು ದಾಟಿ ಮಂತ್ರಿಸಮಾನ ಪದವಿಗೇರಿದವರ ಹೆಸರನ್ನು ಹೇಳಬಲ್ಲವರು ಆ ಹೊತ್ತಿಗೆ ಎಷ್ಟು ಮಂದಿ ಉಳಿದಿದ್ದರೋ ಕಾಣೆ. ಆ ಪದವಿಯೂ ಉಳಿದಿರಲಿಲ್ಲ, ಆ ಸಂಸ್ಥಾನವೂ ಉಳಿದಿರಲಿಲ್ಲ. 1986ರ ಜೂನ್ 6ರಂದು, ತಾವು ಹುಟ್ಟಿದ ದಿನದಂದೇ, 95 ವರ್ಷ ತುಂಬಿದಾಗ, ಮಾಸ್ತಿಯವರು ಬೆಂಗಳೂರಿನಲ್ಲಿ ದೇಹತ್ಯಾಗ ಮಾಡಿದರು.